ಫೋನ್ ಕಿತ್ತುಕೊಂಡರೆ ಮಕ್ಕಳು ಬಾಯಿ ಬಿಡಲ್ಲ

ಹದಿಹರೆಯದ ಮಕ್ಕಳಿಗೆ ಕೌನ್ಸೆಲಿಂಗ್ ಮಾಡುವುದು ನನ್ನ ಕೆಲಸ. ಈಚೆಗೆ ಬರುವ ತೊಂದರೆಗಳಲ್ಲಿ ಫೋನ್ ಸೇರಿಕೊಳ್ಳದೇ ಇರುವುದೇ ಅಪರೂಪ. ಫೋಟೊ ಇಟ್ಟುಕೊಂಡು ಬ್ಲ್ಯಾಕ್‌ಮೇಲ್ ಮಾಡುವುದು, ಪಾಸ್‌ವರ್ಡ್ ಕೊಡು ಅಂತ ಪೀಡಿಸುವುದು, ಇಡೀ ದಿನ ಲೊಕೇಶನ್ ನೋಡ್ತಾ ಕೂರುವುದು, ನಕಲಿ ಖಾತೆ ತೆರೆದು ಮಾನ ಕಳೆಯುವುದು. ಈಗ ಎಐ ಆ್ಯಪ್‌ನಿಂದ ಮುಖ ಅಂಟಿಸಿ ಮಾಡಿದ ಬೆತ್ತಲೆ ಚಿತ್ರಗಳೂ ಈ ಸಾಲಿಗೆ ಬಂದಿವೆ.

ಮಕ್ಕಳು ಮೊದಲು ಹೇಳುವ ಮಾತು ಮಾತ್ರ ಹೆಚ್ಚುಕಡಿಮೆ ಒಂದೇ. "ಮಿಸ್, ಮನೇಲಿ ಹೇಳ್ಬೇಡಿ, ಫೋನ್ ಕಿತ್ಕೋತಾರೆ." ಬೆದರಿಸುವವನಿಗೂ ಇದು ಚೆನ್ನಾಗಿ ಗೊತ್ತು. ಅವನ ಅರ್ಧ ಬಲ ಇರುವುದೇ ಈ ಹೆದರಿಕೆಯಲ್ಲಿ. ಅದಕ್ಕೇ "ಫೋನ್ ನಿನ್ನ ಹತ್ರಾನೇ ಇರಲಿ, ಇಬ್ಬರೂ ಕೂತು ನೋಡೋಣ" ಅನ್ನುವುದರಿಂದಲೇ ನಾನು ಶುರು ಮಾಡುತ್ತೇನೆ. ಯಾರಿಗೂ ಹೇಳಲ್ಲ ಅಂತ ಮಾತ್ರ ಮಾತು ಕೊಡುವುದಿಲ್ಲ. ಅಪಾಯ ಇದ್ದರೆ ಹೇಳಲೇಬೇಕಾಗುತ್ತೆ, ಆದರೆ ನಿನಗೆ ಗೊತ್ತಿಲ್ಲದ ಹಾಗೆ ಹೇಳಲ್ಲ ಅಂತೀನಿ. ಇಷ್ಟು ನೇರವಾಗಿ ಹೇಳಿದರೂ ಮಕ್ಕಳು ಎದ್ದು ಹೋಗುವುದಿಲ್ಲ.

ಹುಡುಗರ ವಿಷಯ ಜಾಸ್ತಿ ಹೇಳಬೇಕು, ಯಾಕಂದರೆ ಇದು ಹುಡುಗಿಯರ ಸಮಸ್ಯೆ ಅಂತಲೇ ತುಂಬ ಜನ ಅಂದುಕೊಂಡಿದ್ದಾರೆ. ಹಣಕ್ಕಾಗಿ ನಡೆಯುವ ಫೋಟೊ ಬ್ಲ್ಯಾಕ್‌ಮೇಲ್‌ಗೆ ಹೆಚ್ಚಾಗಿ ಸಿಕ್ಕಿಬೀಳುವವರು 14ರಿಂದ 17 ವಯಸ್ಸಿನ ಹುಡುಗರು ಅಂತ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಎಚ್ಚರಿಸಿದೆ. ನಾನು ನೋಡುವುದೂ ಅದನ್ನೇ. ಹುಡುಗಿಯ ಹೆಸರಿನ ಖಾತೆ, ಸ್ವಲ್ಪ ಹೊತ್ತು ಸಿಹಿ ಮಾತು, ಆ ಕಡೆಯಿಂದ ಒಂದು ಫೋಟೊ, ಈ ಕಡೆಯಿಂದ ಒಂದು. ಆ ಕೂಡಲೇ ಹುಡುಗನ ಫಾಲೋವರ್ಸ್ ಪಟ್ಟಿಯ ಸ್ಕ್ರೀನ್‌ಶಾಟ್ ಬರುತ್ತೆ. ದುಡ್ಡು ಕಳಿಸು, ಇಲ್ಲಾಂದ್ರೆ ಇವರಿಗೆಲ್ಲ ಹೋಗುತ್ತೆ, ಹತ್ತು ನಿಮಿಷ ಟೈಮ್ ಅಂತ. ಆ ಗಡುವೇ ಅವರ ಅಸ್ತ್ರ. ಯೋಚನೆ ಮಾಡಲು ಬಿಡಬಾರದು, ಅಷ್ಟೇ.

ಇಂಥ ಹೊತ್ತಲ್ಲಿ ಹುಡುಗ ಮಾಡುವುದು ಎರಡರಲ್ಲೊಂದು: ದುಡ್ಡು ಕಳಿಸುತ್ತಾನೆ, ಇಲ್ಲವೇ ಗಾಬರಿಯಲ್ಲಿ ಖಾತೆಯನ್ನೇ ಅಳಿಸಿಬಿಡುತ್ತಾನೆ. ಎರಡೂ ಬೇಡ. ಒಂದು ಸಲ ಕೊಟ್ಟವನ ಹತ್ತಿರ ಮತ್ತೆ ಕೇಳುತ್ತಾರೆ. ಖಾತೆ ಅಳಿಸಿದರೆ ಸಾಕ್ಷಿಯೂ ಹೋಗುತ್ತೆ. ನಾವು ಮೊದಲು ಬೆದರಿಸುವವರ ಪ್ರೊಫೈಲ್ ಲಿಂಕ್ ಬರೆದಿಡುತ್ತೇವೆ. ತೋರಿಸುವ ಹೆಸರನ್ನು ಯಾವಾಗ ಬೇಕಾದರೂ ಬದಲಿಸಬಹುದು, ಬರೀ ಹೆಸರು ಸಾಲದು. ಬೆದರಿಕೆಯ ಮೆಸೇಜು, ದಿನಾಂಕ, ದುಡ್ಡು ಕಳಿಸು ಅಂತ ಕೊಟ್ಟ ಖಾತೆಯ ವಿವರ ಇವಿಷ್ಟರ ಸ್ಕ್ರೀನ್‌ಶಾಟ್ ತೆಗೆಯುತ್ತೇವೆ. ಸ್ನ್ಯಾಪ್‌ಚಾಟ್ ಆದರೆ ಸ್ಕ್ರೀನ್‌ಶಾಟ್ ತೆಗೆದದ್ದು ಎದುರಿನವರಿಗೆ ಗೊತ್ತಾಗುತ್ತೆ, ಹಾಗಾಗಿ ಇನ್ನೊಂದು ಫೋನಿನ ಕ್ಯಾಮೆರಾದಲ್ಲಿ ಪರದೆಯ ಚಿತ್ರ ಹಿಡಿಯುತ್ತೇವೆ. ಆಮೇಲೆ ರಿಪೋರ್ಟ್, ಆಮೇಲೆ ಬ್ಲಾಕ್. ಬಹಳ ಮಂದಿ ಬ್ಲಾಕ್ ಮೊದಲು ಮಾಡಿ, ಆಮೇಲೆ ಪ್ರೊಫೈಲೇ ಸಿಗಲ್ಲ ಅಂತ ಒದ್ದಾಡುತ್ತಾರೆ.

ಆ ಫೋಟೊವನ್ನು ಮಾತ್ರ ನಾನು ನೋಡುವುದಿಲ್ಲ, ನನ್ನ ಫೋನಿಗೆ ಹಾಕಿಸಿಕೊಳ್ಳುವುದೂ ಇಲ್ಲ. ಅಪ್ರಾಪ್ತರ ಅಂಥ ಚಿತ್ರವನ್ನು ಯಾರೇ ಇಟ್ಟುಕೊಂಡರೂ ಅಪರಾಧ ಅನ್ನುವ ಕಾನೂನು ಹೆಚ್ಚಿನ ದೇಶಗಳಲ್ಲಿದೆ. "ಪ್ರೂಫ್‌ಗೆ ನನಗೆ ಫಾರ್ವರ್ಡ್ ಮಾಡು" ಅನ್ನುವ ಶಿಕ್ಷಕರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ. ಮಗುವಿಗೂ ಅದರಿಂದ ಇನ್ನೊಂದು ಅವಮಾನ, ಅಲ್ವಾ?

ಫೋಟೊ ಹರಡದಂತೆ ತಡೆಯಲು ಟೇಕ್ ಇಟ್ ಡೌನ್ ಅನ್ನುವ ಉಚಿತ ಸೇವೆ ಇದೆ. ಕಾಣೆಯಾದ, ಶೋಷಣೆಗೊಳಗಾದ ಮಕ್ಕಳಿಗಾಗಿ ಕೆಲಸ ಮಾಡುವ ಅಮೆರಿಕದ ಎನ್‌ಸಿಎಂಇಸಿ ಸಂಸ್ಥೆ ನಡೆಸುತ್ತೆ, ಬೇರೆ ದೇಶದವರೂ ಬಳಸಬಹುದು. 18 ತುಂಬುವ ಮೊದಲು ತೆಗೆದ ಚಿತ್ರಗಳಿಗೆ ಇದು. 18 ದಾಟಿದ ಮೇಲಿನ ಚಿತ್ರಗಳಿಗೆ 2021ರಲ್ಲಿ ಬಂದ ಸ್ಟಾಪ್ ಎನ್‌ಸಿಐಐ ಅನ್ನುವ ಇಂಥದೇ ಸೇವೆ ಇದೆ. ಎರಡರಲ್ಲೂ ಚಿತ್ರ ನಮ್ಮ ಫೋನ್ ಬಿಟ್ಟು ಹೋಗುವುದಿಲ್ಲ. ಚಿತ್ರಕ್ಕೆ ಬೆರಳಚ್ಚಿನ ಹಾಗೆ ಒಂದು ಅಂಕಿ-ಅಕ್ಷರದ ಗುರುತು ತಯಾರಾಗುತ್ತೆ, ಅದಷ್ಟೇ ಹೋಗುತ್ತೆ. ಸೇರಿಕೊಂಡಿರುವ ಕಂಪನಿಗಳು ಆ ಗುರುತಿಗೆ ಹೊಂದುವ ಚಿತ್ರ ಕಂಡರೆ ತೆಗೆಯಬಹುದು. ಇದಕ್ಕೂ ಮಿತಿ ಇದೆ. ವಾಟ್ಸ್‌ಆ್ಯಪ್‌ನಂಥ ಎನ್‌ಕ್ರಿಪ್ಟೆಡ್, ಅಂದರೆ ಕಳಿಸಿದವರು, ಪಡೆದವರು ಬಿಟ್ಟು ಬೇರೆಯವರಿಗೆ ಓದಲಾಗದ ಮೆಸೇಜಿನೊಳಗೆ ಇದು ನಡೆಯುವುದಿಲ್ಲ. ಚಿತ್ರವನ್ನು ಕತ್ತರಿಸಿ ಬದಲಿಸಿದರೆ ಗುರುತು ಹೊಂದದೇ ಇರಬಹುದು. ಆದರೂ ಮಗು ತನ್ನ ಕೈಯಾರೆ ಏನೋ ಒಂದು ಮಾಡಿದೆ ಅನ್ನುವ ಧೈರ್ಯ ಬರುತ್ತೆ, ಅದು ಸಣ್ಣದೇನಲ್ಲ.

ಬೆದರಿಕೆ ಬಂದ ರಾತ್ರಿ ಹುಡುಗನನ್ನು ಒಬ್ಬನೇ ಬಿಡಬಾರದು. "ಸಾಯಬೇಕು ಅನ್ನಿಸ್ತಿದೆಯಾ?" ಅಂತ ನಾನು ನೇರವಾಗಿಯೇ ಕೇಳುತ್ತೇನೆ. ಕೇಳಿದರೆ ಆ ಯೋಚನೆ ತಲೆಗೆ ಬರುತ್ತೆ ಅನ್ನುವುದು ತಪ್ಪು ನಂಬಿಕೆ.

ಇನ್ನೊಂದು ಬಗೆಯದು ಗೊತ್ತಿರುವವರೇ ಕೊಡುವ ಕಾಟ. ಒಬ್ಬ ಹುಡುಗಿ ಬಂದಿದ್ದಳು. ತಾನು ಗೆಳತಿಗೆ ಬರೆದದ್ದೆಲ್ಲ ಬಾಯ್‌ಫ್ರೆಂಡ್‌ಗೆ ಹೇಗೋ ಗೊತ್ತಾಗುತ್ತೆ ಅಂದಳು. ಗೆಳತಿಯೇ ಹೇಳುತ್ತಿದ್ದಾಳೆ ಅಂತ ಅನುಮಾನಪಟ್ಟು ಅವಳ ಜೊತೆ ಮಾತೂ ಬಿಟ್ಟಿದ್ದಳು. ವಾಟ್ಸ್‌ಆ್ಯಪ್‌ನಲ್ಲಿ 'ಲಿಂಕ್ಡ್ ಡಿವೈಸಸ್', ಅಂದರೆ ಖಾತೆಗೆ ಜೋಡಿಸಿರುವ ಬೇರೆ ಸಾಧನಗಳ ಪಟ್ಟಿ ತೆಗೆ ಅಂದೆ. ಅಲ್ಲೊಂದು ಸಾಲು ಇತ್ತು: ವಿಂಡೋಸ್ ಕಂಪ್ಯೂಟರ್, ಆ ಬೆಳಗ್ಗೆಯಷ್ಟೇ ಬಳಸಿದ್ದು. ಅವಳ ಹತ್ತಿರ ಕಂಪ್ಯೂಟರೇ ಇಲ್ಲ. ಅನ್‌ಲಾಕ್ ಆದ ಫೋನ್ ಒಂದು ನಿಮಿಷ ಕೈಗೆ ಸಿಕ್ಕರೆ ಹೀಗೆ ಜೋಡಿಸಬಹುದು. ಆಮೇಲೆ ಫೋನ್ ಹತ್ತಿರ ಇರಬೇಕಂತಲೂ ಇಲ್ಲ.

ಅವಳ ಬೆರಳು ಆಗಲೇ ಲಾಗ್ ಔಟ್ ಮೇಲಿತ್ತು. ತಡಿ ಅಂದೆ. ಅವನಿಗೆ ಗೊತ್ತಾದರೆ ಏನು ಮಾಡ್ತಾನೆ? ಈ ಪ್ರಶ್ನೆಗೆ ಉತ್ತರ ಸಿಗುವವರೆಗೆ ನಾನು ಯಾವ ಸೆಟ್ಟಿಂಗನ್ನೂ ಮುಟ್ಟಿಸುವುದಿಲ್ಲ. ಹಿಡಿತ ತಪ್ಪಿತು ಅನ್ನಿಸಿದಾಗಲೇ ಇಂಥವರು ಹೆಚ್ಚು ಅಪಾಯಕಾರಿ ಆಗುವುದು. ಆ ಸಾಲಿನ ಚಿತ್ರ ಇನ್ನೊಂದು ಫೋನಲ್ಲಿ ತೆಗೆದೆವು. ಅವಳೇ ಆರಿಸಿದ ದೊಡ್ಡವರೊಬ್ಬರಿಗೆ ವಿಷಯ ತಿಳಿಸಿದೆವು. ಅವಳು ಮನೆಯಲ್ಲಿ ಜನರ ನಡುವೆ ಇರುವ ದಿನ ನೋಡಿ, ಎಲ್ಲವನ್ನೂ ಒಂದೇ ಸಲ ಮುಗಿಸಿದೆವು.

ಎಲ್ಲವೂ ಅಂದರೆ ತುಂಬಾನೇ ಇದೆ. ಫೋನಿನ ಪಿನ್ ಬದಲಿಸುವುದು ಎಲ್ಲರಿಗೂ ಹೊಳೆಯುತ್ತೆ. ಫೋನಲ್ಲಿ ಸೇರಿಸಿಟ್ಟಿರುವ ಬೆರಳಚ್ಚುಗಳಲ್ಲಿ ಒಂದು ಅವನದೂ ಇರಬಹುದು ಅನ್ನುವುದು ಹೊಳೆಯುವುದಿಲ್ಲ. ಪಾಸ್‌ವರ್ಡ್ ಮರೆತಾಗ ಖಾತೆ ಮರಳಿ ಪಡೆಯಲು ಗೂಗಲ್‌ಗೆ ಕೊಟ್ಟ ರಿಕವರಿ ನಂಬರ್ ಅವನದಾಗಿದ್ದರೆ ಹೊಸ ಪಾಸ್‌ವರ್ಡ್ ಇಟ್ಟೂ ಪ್ರಯೋಜನ ಇಲ್ಲ, ಅದನ್ನು ಮೊದಲು ತೆಗೆಯಬೇಕು. ಗೂಗಲ್ ಫೋಟೋಸ್‌ನಲ್ಲಿ ಫೋಟೊಗಳು ಇನ್ನೊಬ್ಬರಿಗೆ ತಾವಾಗೇ ಹೋಗುವ ಪಾರ್ಟ್‌ನರ್ ಶೇರಿಂಗ್, ಮ್ಯಾಪ್ಸ್‌ನಲ್ಲಿ ಲೊಕೇಶನ್ ಶೇರಿಂಗ್, ಸ್ನ್ಯಾಪ್‌ಚಾಟ್‌ನ ಸ್ನ್ಯಾಪ್ ಮ್ಯಾಪ್‌ನಲ್ಲಿ ನಾವಿರುವ ಜಾಗ ಮರೆಮಾಡುವ ಘೋಸ್ಟ್ ಮೋಡ್, ಇನ್‌ಸ್ಟಾಗ್ರಾಂ ಎಲ್ಲೆಲ್ಲಿ ಲಾಗಿನ್ ಆಗಿದೆ ಅನ್ನುವ ಪಟ್ಟಿ, ಒಂದೊಂದನ್ನೂ ತೆಗೆದು ನೋಡಿದೆವು. ಐಫೋನ್ ಇದ್ದವರಿಗೆ 2022ರಲ್ಲಿ ಬಂದ ಐಒಎಸ್ 16 ಸಾಫ್ಟ್‌ವೇರ್‌ನಿಂದ 'ಸೇಫ್ಟಿ ಚೆಕ್' ಇದೆ, ಈ ಕೆಲಸದ ಒಂದಿಷ್ಟು ಭಾಗ ಒಂದೇ ಜಾಗದಲ್ಲಿ ಆಗುತ್ತೆ. ಪಾಸ್‌ವರ್ಡ್ ಬದಲಿಸಲು ನಂಬಿಕೆಯ ಬೇರೆ ಫೋನ್ ಬಳಸಿದೆವು. ಬೇಹುಗಾರಿಕೆ ಆ್ಯಪ್ ಇದ್ದರೆ ಅವಳ ಫೋನಲ್ಲಿ ಟೈಪ್ ಮಾಡಿದ್ದೆಲ್ಲ ಆ ಕಡೆ ಕಾಣುತ್ತೆ.

ಅಪ್ಪ ಅಮ್ಮನ ಜೊತೆ ಮಾತಾಡುವುದು ಇದಕ್ಕಿಂತ ಕಷ್ಟ. ಮಗು ಹೇಳಿಕೊಳ್ಳುವ ಮುಂಚೆಯೇ ಅವರನ್ನು ಬೇರೆ ಕೂರಿಸಿ ಒಂದು ವಿಷಯ ಒಪ್ಪಿಸುತ್ತೇನೆ: "ಯಾಕೆ ಕಳಿಸಿದೆ?" ಅಂತ ಇವತ್ತು ಕೇಳಬೇಡಿ. ಬೈಯಬೇಕು ಅನ್ನಿಸಿದರೆ ನನಗೆ ಬೈಯಿರಿ. ಆಮೇಲೆ ಅವರಲ್ಲೇ ಯಾರಾದರೂ ಮೆಲ್ಲಗೆ ಕೇಳುತ್ತಾರೆ, ಮಗುವಿನ ಫೋನಿಗೆ ಗೊತ್ತಾಗದ ಹಾಗೆ ಯಾವುದಾದರೂ ಆ್ಯಪ್ ಹಾಕಬಹುದಾ ಅಂತ. ಬೇಡ ಅನ್ನುತ್ತೇನೆ. ಚಿಕ್ಕ ಮಕ್ಕಳ ಫೋನಿಗೆ ಅವರಿಗೆ ತಿಳಿಸಿ ಹಾಕುವ ಪೇರೆಂಟಲ್ ಕಂಟ್ರೋಲ್ ಬೇರೆ ಮಾತು. ಹದಿನಾರರ ಹುಡುಗಿಯ ಮೆಸೇಜನ್ನು ಕದ್ದು ಓದುವುದೂ ಪ್ರೀತಿಯೇ ಅಂತ ಮನೆಯವರೇ ಕಲಿಸಿದರೆ, ನಾಳೆ ಬಾಯ್‌ಫ್ರೆಂಡ್ ಅದನ್ನೇ ಮಾಡಿದಾಗ ಅವಳು ಯಾವ ಬಾಯಲ್ಲಿ ತಪ್ಪು ಅಂತಾಳೆ? ಕೆಲವರು ಒಪ್ಪುತ್ತಾರೆ. ಇನ್ನು ಕೆಲವರು ತಲೆಯಾಡಿಸಿ ಹೋಗಿ ಹಾಕಿಯೇ ಹಾಕುತ್ತಾರೆ. ಆ ಮಕ್ಕಳು ಮುಂದಿನ ಸಲ ನನ್ನ ಹತ್ತಿರ ಬರುವಾಗ ಫೋನ್ ಗೆಳತಿಯ ಕೈಲಿ ಕೊಟ್ಟು ಬರುತ್ತಾರೆ.