ಟ್ರೇಲ್ ಬೈಕಿಗೆ ನಂಬರ್ ಪ್ಲೇಟ್ ಹಾಕಿಸಿದ್ದು

ಅಮೆರಿಕದ ಮಿಶಿಗನ್ ರಾಜ್ಯದ ಕಾಡುಹಾದಿಗಳಲ್ಲಿ (ಟ್ರೇಲ್) ಓಡಿಸಲೆಂದು ಹಳೆಯ ಹೋಂಡಾ ಸಿಆರ್‌ಎಫ್ 230ಎಫ್ ಬೈಕ್ ಕೊಂಡಿದ್ದೆ. 223 ಸಿಸಿ, ಏರ್ ಕೂಲ್ಡ್, ಮಾತು ಕೇಳುವ ಗಾಡಿ. ಆದರೆ ರಸ್ತೆಗೆ ಇಳಿಸಲು ನಂಬರ್ ಪ್ಲೇಟ್ ಇರಲಿಲ್ಲ, ಹಾಗಾಗಿ ಒಂದು ಹಾದಿಯಿಂದ ಇನ್ನೊಂದಕ್ಕೆ ಹೋಗುವಾಗ ಎರಡು ಮೈಲಿ ಟಾರು ರಸ್ತೆ ಅಡ್ಡ ಬಂದರೂ ಟ್ರೈಲರ್‌ಗೆ ಹತ್ತಿಸಬೇಕಿತ್ತು. ಮಿಶಿಗನ್ ಕ್ರಾಸ್ ಕಂಟ್ರಿ ಸೈಕಲ್ ಟ್ರೇಲ್ ಅನ್ನುವ ಉದ್ದದ ಮೋಟಾರ್‌ಸೈಕಲ್ ಹಾದಿಯಂತೂ ಕೌಂಟಿ ರಸ್ತೆಗಳನ್ನೂ ಸೇರಿಸಿಕೊಂಡು ಸಾಗುತ್ತದೆ. ಅದನ್ನು ಪೂರ್ತಿ ಸುತ್ತಬೇಕೆಂದರೆ ರಸ್ತೆ ಪ್ಲೇಟ್ ಬೇಕೇ ಬೇಕು.

ಟ್ರೇಲ್ ಬೈಕಿಗೆ ಪ್ಲೇಟ್ ಸಿಗುವುದು ಆಯಾ ರಾಜ್ಯದ ಮೇಲೆ ನಿಂತಿರುವ ವಿಷಯ. ಕ್ಯಾಲಿಫೋರ್ನಿಯಾದಲ್ಲಿ ಬಾಗಿಲು ಹೆಚ್ಚುಕಮ್ಮಿ ಮುಚ್ಚಿದೆ. ಮಿಶಿಗನ್‌ನಲ್ಲಿ ಟಿಆರ್-54 ಅನ್ನುವ ಫಾರಂ ಇದೆ. ಪೊಲೀಸ್ ಅಧಿಕಾರಿ ಗಾಡಿಯ ನಂಬರ್ ಮತ್ತು ರಸ್ತೆಗೆ ಬೇಕಾದ ಸಾಮಾನುಗಳನ್ನು ನೋಡಿ ಅದಕ್ಕೆ ಸಹಿ ಹಾಕಬೇಕು. ಸಾಮಾನು ಕೊಳ್ಳುವ ಮೊದಲೇ ಟೈಟಲ್ (ಗಾಡಿಯ ಮಾಲೀಕತ್ವದ ಪತ್ರ) ನಿಮ್ಮ ಹೆಸರಿನಲ್ಲಿದೆಯಾ, ಚಾಸಿ ನಂಬರ್ ಅದಕ್ಕೆ ತಾಳೆಯಾಗುತ್ತದಾ ನೋಡಿಕೊಳ್ಳಿ.

ಕನ್ನಡಿ, ಹಾರ್ನ್, ಪ್ಲೇಟ್ ದೀಪ, ಡಿಓಟಿ (ಅಮೆರಿಕದ ಸಾರಿಗೆ ಇಲಾಖೆ) ಗುರುತಿರುವ ಟೈರು ಒಂದೇ ಶನಿವಾರದಲ್ಲಿ ಮುಗಿದವು. ಹಾರ್ನ್ 200 ಅಡಿ ದೂರಕ್ಕೆ ಕೇಳಬೇಕು, ಚಿಕ್ಕದೇ ಸಾಕು. ನನ್ನನ್ನು ಕಾಡಿದ್ದು ಕರೆಂಟು. ಈ ಗಾಡಿಯ ಸ್ಟೇಟರ್, ಅಂದರೆ ಇಂಜಿನ್ ತಿರುಗುವಾಗ ಕರೆಂಟು ಕೊಡುವ ಭಾಗ, ಇರುವುದು ಸೆಲ್ಫ್ ಸ್ಟಾರ್ಟಿನ ಬ್ಯಾಟರಿ ತುಂಬಿಸಲು, ದೀಪ ಉರಿಸಲು ಅಲ್ಲ. ಮೊದಲು ನಾನು 35 ವ್ಯಾಟಿನ ಹ್ಯಾಲೊಜೆನ್ ಹಾಕಿದೆ. ಅದೊಂದೇ ಸುಮಾರು ಮೂರು ಆಂಪ್ ಎಳೆಯುತ್ತದೆ. ನಿಧಾನಕ್ಕೆ ಓಡಿಸುತ್ತಾ ಒಂದು ಗಂಟೆ ಕಳೆಯುವಷ್ಟರಲ್ಲಿ ಬ್ಯಾಟರಿ ಸತ್ತಿತು. ಕಿಕ್ಕರ್ ಇಲ್ಲದ ಗಾಡಿ, ಕಾಲು ಹೂತುಹೋಗುವ ಮರಳು. ತಳ್ಳಿ ತಳ್ಳಿ ಸ್ಟಾರ್ಟ್ ಮಾಡುವಷ್ಟರಲ್ಲಿ ಸಾಕುಸಾಕಾಯಿತು. ಆಮೇಲೆ ಮುಂದೆ ಹಿಂದೆ ಎಲ್ಲಾ ಎಲ್‌ಇಡಿ ಮಾಡಿದೆ. 12 ವ್ಯಾಟಿನ ಹೆಡ್‌ಲೈಟ್ ಒಂದೇ ಆಂಪ್ ಕೇಳುತ್ತದೆ. ದೀಪಗಳನ್ನೆಲ್ಲ ಹಾಕಿ, ಇಂಜಿನ್ ಓಡುವಾಗ ಬ್ಯಾಟರಿಯ ವೋಲ್ಟೇಜ್ ಅಳೆದು ನೋಡಿ. 13ಕ್ಕಿಂತ ಮೇಲೆ ನಿಂತರೆ ಮಾತ್ರ ನನಗೆ ಸಮಾಧಾನ.

ಬ್ರೇಕ್ ದೀಪಕ್ಕೆ ಎರಡು ಸ್ವಿಚ್ ಬೇಕು. ಮುಂದೆ ಡಿಸ್ಕ್ ಇರುವುದರಿಂದ ಬ್ರೇಕ್ ಪೈಪನ್ನು ಹಿಡಿದಿಡುವ ಬ್ಯಾಂಜೊ ಬೋಲ್ಟಿನ ಜಾಗದಲ್ಲಿ ಪ್ರೆಶರ್ ಸ್ವಿಚ್ ಕೂರುತ್ತದೆ, ಹಾಕಿದ ಮೇಲೆ ಬ್ರೇಕ್ ಬ್ಲೀಡ್ ಮಾಡಲೇಬೇಕು, ಅಂದರೆ ಪೈಪಿನೊಳಗಿನ ಗಾಳಿ ತೆಗೆಯಬೇಕು. ಹಿಂದೆ ಡ್ರಮ್, ಅಲ್ಲಿಗೆ ಸ್ಪ್ರಿಂಗ್ ಎಳೆಯುವ ಸ್ವಿಚ್. ನನ್ನ ಸ್ಪ್ರಿಂಗ್ ಸಡಿಲ ಇತ್ತು. ತಪಾಸಣೆಯ ದಿನ ಪೆಡಲ್ ಒತ್ತಿದರೂ ದೀಪ ಹತ್ತಲಿಲ್ಲ, ಸಹಿಯೂ ಸಿಗಲಿಲ್ಲ. ಆ ಅಧಿಕಾರಿ ಮಾಡಿದ್ದು ಸರಿಯೇ. ಹಿಂದೆ ಬರುವ ಕಾರಿನವರಿಗೆ ನಾನು ನಿಲ್ಲುತ್ತಿದ್ದೇನೆ ಅಂತ ಗೊತ್ತಾಗುವುದು ಆ ದೀಪದಿಂದಲೇ ಅಲ್ವಾ? ಮುಂದಿನ ವಾರ ಸಹಿ ಆಯಿತು. ಇನ್ಶೂರೆನ್ಸ್ ಕಾಗದ ತೋರಿಸಿ ಪ್ಲೇಟ್ ತಂದೆ. ಲೈಸೆನ್ಸಿನಲ್ಲಿ ಮೋಟಾರ್‌ಸೈಕಲ್ ಓಡಿಸುವ ಅನುಮತಿ ಮೊದಲೇ ಇತ್ತು.

ನೋಡಿ, ಊರಲ್ಲಿರುವವರು ಇದನ್ನು ಓದಿ ಶುರು ಮಾಡಬೇಡಿ. ಭಾರತದಲ್ಲಿ ರಸ್ತೆಗೆ ಅಂತ ಒಪ್ಪಿಗೆ ಪಡೆಯದ ಮಾಡೆಲ್‌ಗೆ ದೀಪ ಹಾಕಿದ ಮಾತ್ರಕ್ಕೆ ಆರ್‌ಸಿ ಸಿಗುವುದಿಲ್ಲ.

ಪ್ಲೇಟ್ ಬಂದ ಮೇಲೂ ಟ್ರೇಲ್‌ಗೆ ಓಆರ್‌ವಿ (ಆಫ್ ರೋಡ್ ಗಾಡಿ) ಸ್ಟಿಕ್ಕರ್ ಬೇಕು, ಅದನ್ನು ಮರೆಯಬೇಡಿ. ಚೈನು ಕೂರುವ ಮುಂದಿನ ಸ್ಪ್ರಾಕೆಟ್‌ಗೆ ಒಂದು ಹಲ್ಲು ಜಾಸ್ತಿ ಮಾಡಿಸಿದ್ದೇನೆ. ಈಗ ಕೌಂಟಿ ರಸ್ತೆಯಲ್ಲಿ ಇಂಜಿನ್ ಅಷ್ಟು ಕಿರುಚುವುದಿಲ್ಲ. ಹೆದ್ದಾರಿಗೆ ಮಾತ್ರ ಇದನ್ನು ಇಳಿಸುವುದಿಲ್ಲ.