ಚಿಪ್‌ಗೆ ಮೆಮೊರಿ ಎಷ್ಟು ಬೇಕು? ಕೊಳ್ಳುವ ಮುಂಚೆ ಲೆಕ್ಕ ಹಾಕಿ

ಪ್ರಾಜೆಕ್ಟ್ ಸೀಸನ್‌ನಲ್ಲಿ ಪ್ರತಿ ವರ್ಷ ಇದೇ ಗೋಳು. ಗಿಡಕ್ಕೆ ನೀರು ಬಿಡುವ ಸರ್ಕ್ಯೂಟ್ ನಿನ್ನೆ ಸರಿಯಿತ್ತು. ವಿದ್ಯಾರ್ಥಿಗಳು ರಾತ್ರಿ ಕೂತು ನಾಲ್ಕು ಮೆಸೇಜ್ ಸೇರಿಸಿದರು, ಬೆಳಿಗ್ಗೆ ಸ್ಕ್ರೀನ್ ಖಾಲಿ. ವೈರು ಬದಲಾಯಿಸುತ್ತಾರೆ, ಸೆನ್ಸರ್ ಬದಲಾಯಿಸುತ್ತಾರೆ. ಮೆಮೊರಿ ಮುಗಿದಿದೆ ಅಂತ ಮಾತ್ರ ಹೊಳೆಯುವುದಿಲ್ಲ.

ಮೊದಲು ಇಷ್ಟು ತಿಳಿದಿರಲಿ: ಚಿಪ್ ಮುಟ್ಟಬಲ್ಲ ಮೆಮೊರಿಯೇ ಬೇರೆ, ಕೆಲಸಕ್ಕೆ ಬೇಕಾದದ್ದೇ ಬೇರೆ. ಕಾಲೇಜ್ ಲ್ಯಾಬಿನ 8085 ಮೈಕ್ರೊಪ್ರೊಸೆಸರ್‌ಗೆ 16 ಅಡ್ರೆಸ್ ಲೈನ್ (ಮೆಮೊರಿಯ ವಿಳಾಸ ಹೇಳುವ ತಂತಿ), ಅಂದರೆ 65,536 ಬೈಟ್ ಮುಟ್ಟಬಲ್ಲದು. ಅಲ್ಲಿ ಎರಡು ಸಂಖ್ಯೆ ಕೂಡುವ ಪ್ರೋಗ್ರಾಮ್ 9 ಬೈಟ್‌ನಲ್ಲಿ ಮುಗಿಯುತ್ತದೆ.

ಆಮೇಲೆ ಫ್ಲ್ಯಾಶ್, ಅಂದರೆ ಪ್ರೋಗ್ರಾಮ್ ಉಳಿಯುವ ಮೆಮೊರಿ. ಪ್ರೋಗ್ರಾಮನ್ನು ಕಂಪೈಲ್ ಮಾಡಿ (ಚಿಪ್‌ನ ಭಾಷೆಗೆ ತಿರುಗಿಸಿ), ಕೆಳಗೆ ಬರುವ ಸಂಖ್ಯೆ ನೋಡಿ. ಆರ್ಡುಯಿನೊ ಉನೊ (ಆರ್3) ಬೋರ್ಡ್‌ನಲ್ಲಿ 32 ಕೆಬಿ ಇದೆ, ಇಂಥ ಪ್ರಾಜೆಕ್ಟ್‌ಗೆ ಧಾರಾಳ.

ಎಲ್ಲರೂ ಎಡವುವುದು ರ್‍ಯಾಮ್‌ನಲ್ಲಿ. ಪ್ರೋಗ್ರಾಮ್ ಓಡುವಾಗ ಮಾಹಿತಿ ಇಟ್ಟುಕೊಳ್ಳುವ ಜಾಗ ಅದು. ಈ ಉನೊದಲ್ಲಿ ಇರುವುದೇ 2,048 ಬೈಟ್. ಪೆನ್ನು ಹಿಡಿದು ಕೂತುಕೊಳ್ಳಿ. ನಿಮಿಷಕ್ಕೊಮ್ಮೆ ಮಣ್ಣಿನ ತೇವ ಓದಿ ಇಡೀ ದಿನದ್ದು ಇಟ್ಟುಕೊಂಡರೆ 1,440 ರೀಡಿಂಗ್. ಇಂಟ್ (ಪೂರ್ಣಾಂಕ) ಆದರೆ ತಲಾ 2 ಬೈಟ್, ಒಟ್ಟು 2,880. ಅಲ್ಲಿಗೇ ಕಥೆ ಮುಗೀತು. ನಿಮಿಷಕ್ಕೊಮ್ಮೆ ನೋಡುವಷ್ಟು ಬೇಗ ಮಣ್ಣು ಒಣಗಲ್ಲ, ಅಲ್ವಾ? ಹತ್ತು ನಿಮಿಷಕ್ಕೊಮ್ಮೆ ಓದಿ, ಶೇಕಡಾ ಲೆಕ್ಕಕ್ಕೆ ತಂದು ಒಂದೇ ಬೈಟ್‌ನಲ್ಲಿ ಇಡಿ. 144 ಬೈಟ್ ಸಾಕು.

ಇನ್ನು ಆ ಪುಟ್ಟ ಒಎಲ್‌ಇಡಿ ಸ್ಕ್ರೀನ್. ಅಡ್ಡಕ್ಕೆ 128 ಚುಕ್ಕಿ, ಉದ್ದಕ್ಕೆ 64, ಚುಕ್ಕಿಗೊಂದು ಬಿಟ್. ಒಟ್ಟು 1,024 ಬೈಟ್, ಅರ್ಧ ರ್‍ಯಾಮ್ ನುಂಗಿತು! ಜಾಸ್ತಿ ಜನ ಬಳಸುವ ಲೈಬ್ರರಿ (ಸ್ಕ್ರೀನ್ ನಡೆಸುವ ಸಿದ್ಧ ಕೋಡ್) ಈ ಜಾಗ ಕೇಳುವುದು ಪ್ರೋಗ್ರಾಮ್ ಓಡಲು ಶುರುವಾದ ಮೇಲೆ. ಕಂಪೈಲರ್ ಲೆಕ್ಕದಲ್ಲಿ ಅದು ಕಾಣುವುದೇ ಇಲ್ಲ. 'ಶೇ 55 ಅಂತ ತೋರಿಸ್ತಿದೆ ಸರ್' ಅನ್ನುತ್ತಾರೆ. 2,048ರಲ್ಲಿ ಶೇ 55 ಅಂದರೆ 1,126 ಬೈಟ್. ಅದಕ್ಕೆ 1,024 ಕೂಡಿ ನೋಡಿ, ಸ್ಕ್ರೀನ್ ಯಾಕೆ ಖಾಲಿ ಅಂತ ಗೊತ್ತಾಗುತ್ತದೆ.

ಮೆಸೇಜ್‌ಗಳೂ ಸುಮ್ನೆ ಕೂರುವುದಿಲ್ಲ, ರ್‍ಯಾಮ್ ತಿನ್ನುತ್ತವೆ. ಸೀರಿಯಲ್ ಮಾನಿಟರ್‌ಗೆ (ಕಂಪ್ಯೂಟರ್‌ನಲ್ಲಿ ಮೆಸೇಜ್ ತೋರಿಸುವ ಕಿಟಕಿಗೆ) ಕಳಿಸುವ 'ನೀರು ಸಾಕು', ಮೆಸೇಜ್ ಮುಗಿಯಿತು ಅಂತ ಹೇಳುವ ಕೊನೆಯ ಸೊನ್ನೆ ಸೇರಿ 26 ಬೈಟ್. ಕನ್ನಡದಲ್ಲಿ ಅಕ್ಷರಕ್ಕೆ 3 ಬೈಟ್, ಗುಣಿತದ ಚಿಹ್ನೆಗೆ ಮತ್ತೆ 3; ನಡುವಿನ ಖಾಲಿ ಜಾಗಕ್ಕೂ ಕೊನೆಯ ಸೊನ್ನೆಗೂ ತಲಾ 1. ಪ್ರತಿ ಮೆಸೇಜನ್ನೂ 'ಎಫ್' ಮ್ಯಾಕ್ರೊ ಒಳಗೆ, ಅಂದರೆ F("...") ಅಂತ ಹಾಕಿ, ಫ್ಲ್ಯಾಶ್‌ನಲ್ಲೇ ಉಳಿಯುತ್ತದೆ. ಇದರಲ್ಲಿ ಸೋಮಾರಿತನ ಬೇಡ.

ಎಲ್ಲ ಕೂಡಿದ ಮೇಲೂ ಸ್ಟ್ಯಾಕ್‌ಗೆ (ಪ್ರೋಗ್ರಾಮ್ ಓಡುವಾಗ ತಾತ್ಕಾಲಿಕವಾಗಿ ಬಳಸುವ ಜಾಗಕ್ಕೆ) ಕಾಲು ಭಾಗ, ಅಂದರೆ ಸುಮಾರು 500 ಬೈಟ್ ಖಾಲಿ ಬಿಡಿ. ನಾನಂತೂ ಇದಕ್ಕಿಂತ ಕಡಿಮೆಗೆ ಒಪ್ಪುವುದಿಲ್ಲ. ಸಾಲದಿದ್ದರೆ 8 ಕೆಬಿ ರ್‍ಯಾಮ್ ಇರುವ ಆರ್ಡುಯಿನೊ ಮೆಗಾ ಬೋರ್ಡ್ ತನ್ನಿ.

ಅಗ್ಗದ ನ್ಯಾನೊ ಬೋರ್ಡ್ ಕೊಳ್ಳುವಾಗ ಚಿಪ್ ಮೇಲಿನ ಬರಹ ಓದಿಯೇ ದುಡ್ಡು ಕೊಡಿ. 328 ಇರಬೇಕಾದ ಕಡೆ 168 ಇದ್ದರೆ ಅದರಲ್ಲಿರುವುದು ಬರೀ 1,024 ಬೈಟ್ ರ್‍ಯಾಮ್. ಅಷ್ಟನ್ನೂ ಸ್ಕ್ರೀನೇ ಕೇಳುತ್ತದೆ.