ಫ್ರೀಜರ್ ಕೈಕೊಡುವ ಮೊದಲು

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಎಷ್ಟೋ ಮನೆಗಳ ಫ್ರೀಜರ್‌ಗೆ ಹಿತಕಿದ ಅವರೆಬೇಳೆ ಸೇರಿಕೊಳ್ಳುತ್ತದೆ. ಕಾಳು ನೆನೆಸಿ, ಕೂತು ಹಿತಕಿ, ಯುಗಾದಿವರೆಗಾದರೂ ಬರಲಿ ಅಂತ ಡಬ್ಬಿ ತುಂಬಿಡುತ್ತೇವೆ. ಮಾರ್ಚ್ ಬಿಸಿಲಿಗೆ ಸರಿಯಾಗಿ ಫ್ರೀಜರ್ ಕೆಟ್ಟು ಅದೆಲ್ಲ ಹಳಸಿಹೋದರೆ ಹೊಟ್ಟೆ ಉರಿಯುತ್ತದೆ, ಅಲ್ವಾ? ಆದರೆ ಫ್ರೀಜರ್ ಇದ್ದಕ್ಕಿದ್ದಂತೆ ಕೆಡುವುದು ಕಡಿಮೆ. ಮುಂಚೆಯೇ ಸೂಚನೆ ಕೊಟ್ಟಿರುತ್ತದೆ, ನಾವು ಗಮನಿಸಿರುವುದಿಲ್ಲ.

ಐಸ್‌ಕ್ರೀಮ್ ಮೆತ್ತಗಾಗುತ್ತಿದೆಯಾ ನೋಡಿ. ಅದೇ ಮೊದಲ ಸೂಚನೆ. ಫ್ರೀಜರ್ ಒಳಗೆ ಮೈನಸ್ 18 ಡಿಗ್ರಿ ಇರಬೇಕು, ಅಷ್ಟು ಚಳಿಯಲ್ಲಿ ಐಸ್‌ಕ್ರೀಮ್ ಗಟ್ಟಿಯಾಗೇ ಇರುತ್ತದೆ. ಮೆತ್ತಗಾಗಿದ್ದರೆ ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಬಾಗಿಲಿನ ರಬ್ಬರು ಪರೀಕ್ಷಿಸಿ. ಹತ್ತು ರೂಪಾಯಿ ನೋಟೊಂದನ್ನು ಅರ್ಧ ಒಳಗೆ, ಅರ್ಧ ಹೊರಗೆ ಇಟ್ಟು ಬಾಗಿಲು ಮುಚ್ಚಿ, ಮೆಲ್ಲಗೆ ಎಳೆಯಿರಿ. ಬಿಗಿಯಾಗಿ ಬಂದರೆ ರಬ್ಬರು ಚೆನ್ನಾಗಿದೆ. ಸಲೀಸಾಗಿ ಜಾರಿ ಬಂದರೆ ಅಲ್ಲಿಂದ ಗಾಳಿ ಒಳಗೆ ನುಗ್ಗುತ್ತಿದೆ. ಸುತ್ತಲೂ ನಾಲ್ಕು ಕಡೆ ಹೀಗೆ ನೋಡಿ. ಎಷ್ಟೋ ಸಲ ರಬ್ಬರಿನ ಮಡಿಕೆಯಲ್ಲಿ ಹಾಲಿನ ಜಿಡ್ಡು, ಸಾರಿನ ಕಲೆ ಕೂತಿರುತ್ತದೆ, ಅಷ್ಟೆ. ಬಿಸಿನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜಿ ಒರೆಸಿ. ಸೀಳಿದ್ದರೆ ಮಾತ್ರ ಬದಲಾಯಿಸಬೇಕು.

ಒಂದೇ ಬಾಗಿಲಿನ ಫ್ರಿಡ್ಜ್ ಆದರೆ ಐಸ್ ಕಟ್ಟುವುದು ಸಹಜ. ಅರ್ಧ ಸೆಂಟಿಮೀಟರ್ ದಪ್ಪ ಆಗುವ ಹೊತ್ತಿಗೆ ಡಿಫ್ರಾಸ್ಟ್ ಬಟನ್ ಒತ್ತಿಬಿಡಿ. ಅದಕ್ಕಿಂತ ಜಾಸ್ತಿ ಬೆಳೆಯಲು ಬಿಟ್ಟರೆ ಕರೆಂಟೂ ದಂಡ, ಒಳಗೆ ಜಾಗವೂ ಇಲ್ಲ. ದಯವಿಟ್ಟು ಚಾಕು, ಸ್ಕ್ರೂಡ್ರೈವರ್ ಹಾಕಿ ಕೀಳಬೇಡಿ. ಪಕ್ಕದ ಮನೆ ಹುಡುಗಿ ಅವಸರಕ್ಕೆ ಚಾಕು ಹಿಡಿದು ನಿಂತಿದ್ದಳು. ನಾನೇ ಕೈ ಹಿಡಿದು ತಡೆದೆ. ಆ ಐಸಿನ ಹಿಂದೆಯೇ ಫ್ರಿಡ್ಜ್ ತಂಪು ಮಾಡುವ ಗ್ಯಾಸ್ ಓಡಾಡುವ ತೆಳು ಅಲ್ಯೂಮಿನಿಯಂ ದಾರಿ ಇದೆ. ಸಣ್ಣ ತೂತು ಬಿದ್ದರೂ ಫ್ರಿಡ್ಜ್ ಕಥೆ ಮುಗಿದಂತೆ. ಈಗಿನ ಬಹಳಷ್ಟು ಫ್ರಿಡ್ಜ್‌ಗಳಲ್ಲಿ ಇರುವುದು ಆರ್-600ಎ, ಅಂದರೆ ಐಸೊಬ್ಯುಟೇನ್, ಬೆಂಕಿ ಹೊತ್ತಿಕೊಳ್ಳುವ ಗ್ಯಾಸ್. ಹಿಂಭಾಗದ ಚೀಟಿಯಲ್ಲಿ ಬರೆದಿರುತ್ತದೆ, ನೋಡಿಟ್ಟುಕೊಳ್ಳಿ. ತೂತು ಬಿದ್ದು ಸುಯ್ ಅಂತ ಶಬ್ದ ಬಂದರೆ ಸ್ಟವ್ ಆರಿಸಿ, ಕಿಟಕಿ ತೆರೆಯಿರಿ, ಯಾವ ಸ್ವಿಚ್ಚನ್ನೂ ಮುಟ್ಟಬೇಡಿ.

ಎರಡು ಬಾಗಿಲಿನ ಫ್ರಾಸ್ಟ್-ಫ್ರೀ ಫ್ರಿಡ್ಜ್‌ನಲ್ಲಿ ಐಸ್ ಕಟ್ಟಲೇಬಾರದು. ಮೇಲೆ ಫ್ರೀಜರ್ ಚೆನ್ನಾಗಿದೆ, ಕೆಳಗೆ ಮಾತ್ರ ಹಾಲು ಒಡೆಯುತ್ತಿದೆ, ದೋಸೆ ಹಿಟ್ಟು ಹುಳಿಯಾಗುತ್ತಿದೆ ಅಂದರೆ ಒಳಗೋಡೆಯ ಹಿಂದೆ ಐಸ್ ಕಟ್ಟಿ ತಣ್ಣನೆ ಗಾಳಿ ಕೆಳಗಿಳಿಯುವ ದಾರಿ ಮುಚ್ಚಿರಬಹುದು. ಸಾಮಾನೆಲ್ಲ ತೆಗೆದು, ಪ್ಲಗ್ ಕಿತ್ತು, ಎರಡೂ ಬಾಗಿಲು ತೆರೆದು ಒಂದು ಪೂರ್ತಿ ದಿನ ಬಿಡಿ. ಕೆಳಗೆ ಬಟ್ಟೆ ಹಾಸಿರಿ. ಮತ್ತೆ ಹಾಕಿದಾಗ ಸರಿಹೋಗಿ, ಒಂದೆರಡು ವಾರದಲ್ಲಿ ಪುನಃ ಅದೇ ರಗಳೆ ಬಂದರೆ ಐಸ್ ಕರಗಿಸುವ ಹೀಟರ್ರೋ ಸೆನ್ಸರ್ರೋ ಕೆಟ್ಟಿರಬಹುದು. ಅದು ನಮ್ಮ ಕೈಯಲ್ಲಿ ಆಗುವ ಕೆಲಸವಲ್ಲ. ಮೆಕ್ಯಾನಿಕ್ ಬಂದಾಗ ಈ ಕಥೆಯನ್ನು ಹೀಗೇ ಹೇಳಿ. ಅರ್ಧ ಕೆಲಸ ಅವರಿಗೆ ಅಲ್ಲೇ ಹಗುರಾಗುತ್ತದೆ.

ಇನ್ನು ಗ್ಯಾಸ್ ವಿಷಯ. ಇದನ್ನು ಒತ್ತಿ ಹೇಳುತ್ತೇನೆ. "ಗ್ಯಾಸ್ ಮುಗಿದಿದೆ ಅಮ್ಮಾ, ತುಂಬಬೇಕು" ಅಂತ ಯಾರಾದರೂ ಹೇಳಿದರೆ ತಕ್ಷಣ ಒಪ್ಪಬೇಡಿ. ಫ್ರಿಡ್ಜ್ ಗ್ಯಾಸ್ ಅಡುಗೆ ಸಿಲಿಂಡರ್ ಥರ ಖರ್ಚಾಗುವುದಿಲ್ಲ. ಕಾರ್ಖಾನೆಯಲ್ಲಿ ತುಂಬಿದ್ದೇ ಕೊಳವೆಯೊಳಗೆ ಸುತ್ತುತ್ತಾ ಇರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ. ಸೋರಿದ ಜಾಗ ಹುಡುಕಿ, ಬೆಸುಗೆ ಹಾಕಿ, ಪಂಪಿನಿಂದ ಒಳಗಿನ ಗಾಳಿ ಎಳೆದು, ಆಮೇಲೆ ತೂಕ ನೋಡಿ ತುಂಬಬೇಕು. ಸುಮ್ನೆ ತುಂಬಿ ಹೋದರೆ ಮತ್ತೆ ಸೋರುತ್ತದೆ, ದುಡ್ಡು ಎರಡನೇ ಸಲ ಹೋಗುತ್ತದೆ. ಗ್ಯಾಸ್ ಕಮ್ಮಿಯಾಗಿದೆಯಾ ಅನ್ನುವ ಗುರುತು ನಿಮಗೂ ಕಾಣುತ್ತದೆ. ಒಂದೇ ಬಾಗಿಲಿನ ಫ್ರಿಡ್ಜ್‌ನ ಫ್ರೀಜರ್‌ನಲ್ಲಿ ಒಂದು ಮೂಲೆಗೆ ಮಾತ್ರ ಐಸ್ ಹಿಡಿದು ಉಳಿದ ಕಡೆ ಬೋಳಾಗಿದ್ದರೆ, ಹಿಂಬದಿಯ ಮೋಟಾರ್, ಅಂದರೆ ಕಂಪ್ರೆಸರ್, ನಿಲ್ಲದೆ ಓಡುತ್ತಲೇ ಇದ್ದರೆ, ಬಹುಪಾಲು ಅದೇ. ಹಿಂದಿನ ಕೊಳವೆಯ ಬೆಸುಗೆ ಹತ್ತಿರ ಎಣ್ಣೆ ಕಲೆ ಕಂಡರೆ ಅದನ್ನೂ ತೋರಿಸಿ.

ಕೆಲವು ನಿಮಿಷಕ್ಕೊಮ್ಮೆ ಹಿಂಬದಿಯಿಂದ ಟಕ್ ಅಂತ ಶಬ್ದ ಬಂದು ಮೋಟಾರ್ ಶುರುವಾಗದೆ ನಿಂತರೆ ಪ್ಲಗ್ ಕಿತ್ತುಬಿಡಿ. ಮನೆಯ ಫ್ಯಾನೂ ನಿಧಾನ ಸುತ್ತುತ್ತಿದೆಯಾ ನೋಡಿ. ಹಾಗಿದ್ದರೆ ವೋಲ್ಟೇಜ್ ತೊಂದರೆ, ಬೆಸ್ಕಾಂ ಸಹಾಯವಾಣಿ 1912ಕ್ಕೆ ಹೇಳಿ. ವೋಲ್ಟೇಜ್ ಸರಿಯಿದ್ದೂ ಟಕ್ ಅಂದರೆ ಮೋಟಾರ್ ಶುರುಮಾಡಿಸುವ ಸಣ್ಣ ಪಾರ್ಟು, ಅಂದರೆ ರಿಲೇ, ಕೆಟ್ಟಿರಬಹುದು, ಕಂಪ್ರೆಸರ್ರೇ ಕೆಟ್ಟಿರಬಹುದು. ರಿಲೇ ಸಣ್ಣ ಖರ್ಚು. ಅದನ್ನು ಪರೀಕ್ಷಿಸದೆ ಕಂಪ್ರೆಸರ್ ಬದಲಾಯಿಸಲು ಒಪ್ಪಬೇಡಿ. ಸುಟ್ಟ ವಾಸನೆ ಬಂದರೆ, ಮುಟ್ಟಿದಾಗ ಜುಮ್ಮೆಂದರೆ ಯಾವ ಪರೀಕ್ಷೆಯೂ ಬೇಡ. ಗೋಡೆಯ ಸ್ವಿಚ್ ಆರಿಸಿ, ಜನ ಕರೆಸಿ. ಫ್ರಿಡ್ಜ್‌ನ ಪಕ್ಕದ ಮೈ ಬೆಚ್ಚಗಿದೆ ಅಂತ ಮಾತ್ರ ಹೆದರಬೇಡಿ. ಈಗಿನ ಫ್ರಿಡ್ಜ್‌ಗಳಲ್ಲಿ ಶಾಖ ಬಿಡುವ ಕೊಳವೆ ಅಲ್ಲೇ ಇರುತ್ತದೆ.

ಹಿಂದುಗಡೆ ನೀರು ಸೇರುವ ಟ್ರೇ ಇದ್ದರೆ ವಾರಕ್ಕೊಮ್ಮೆ ಚೆಲ್ಲಿ ಉಜ್ಜಿ. ಡೆಂಗಿ ಸೊಳ್ಳೆ ಮೊಟ್ಟೆಯಿಡಲು ಆ ಒಂದು ಲೋಟ ನೀರು ಸಾಕು.

ಊರಿಗೆ ಹೋಗುವವರು ಅರ್ಧ ಲೋಟ ನೀರನ್ನು ಫ್ರೀಜರ್‌ನಲ್ಲಿ ಗಟ್ಟಿಯಾಗಿಸಿ, ಮೇಲೊಂದು ರೂಪಾಯಿ ನಾಣ್ಯ ಇಟ್ಟು ಹೋಗಿ. ಬಂದಾಗ ನಾಣ್ಯ ಐಸಿನ ತಳದಲ್ಲಿದ್ದರೆ ನಡುವೆ ಕರೆಂಟು ಹೋಗಿ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ. ಆ ಮಾಂಸ, ಮೀನು, ತೆಂಗಿನತುರಿ ಎಲ್ಲ ಎಸೆಯಿರಿ. ಲೋಭ ಬೇಡ.

ಫ್ರಿಡ್ಜ್ ಹತ್ತು ವರ್ಷ ದಾಟಿ ಕಂಪ್ರೆಸರ್ರೇ ಹೋಗಿದ್ದರೆ ಹೊಸದರ ಬೆಲೆ ವಿಚಾರಿಸಿಕೊಂಡೇ ರಿಪೇರಿಗೆ ಒಪ್ಪಿ. ಅದಕ್ಕಿಂತ ಹೊಸದಾದರೆ ವಾರಂಟಿ ಕಾರ್ಡ್ ಹುಡುಕಿ. ಎಷ್ಟೋ ಕಂಪನಿಗಳು ಕಂಪ್ರೆಸರ್‌ಗೆ ಬೇರೆಯಾಗಿ ಹತ್ತು ವರ್ಷ ಕೊಟ್ಟಿರುತ್ತವೆ, ಗ್ಯಾಸ್ ಮತ್ತು ಕೂಲಿ ಅದರಲ್ಲಿ ಸೇರಿದೆಯಾ ಅಂತ ಫೋನಿನಲ್ಲೇ ಕೇಳಿಕೊಳ್ಳಿ. ಬದಲಾಯಿಸಿದ ಹಳೆಯ ಪಾರ್ಟನ್ನು ಕೇಳಿ ಇಸಕೊಳ್ಳಿ, ಬಿಲ್ಲಿನಲ್ಲಿ ಅದರ ಹೆಸರು ಬರೆಸಿಕೊಳ್ಳಿ.